ಅಮ್ಮನ ಸೇರು, ನನ್ನ ಕಿಲೋ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಹೈಸ್ಕೂಲು ಮಕ್ಕಳಿಗೆ ಅನುಪಾತದ ಪಾಠ ಹೇಳಿದವನೊಬ್ಬ ಒಂದು ಭರಣಿ ಉಪ್ಪಿನಕಾಯಿಯನ್ನು ಕೆಡಿಸಿದ ಪ್ರಸಂಗವಿದು. ನನ್ನ ಹಳೆಯ ವಿದ್ಯಾರ್ಥಿಗಳು ಓದಿ ನಕ್ಕರೆ ನನಗೇನೂ ಬೇಸರವಿಲ್ಲ.

ಅಮ್ಮ ತೀರಿಕೊಂಡ ಮೇಲೆ ಅವರ ಅಡುಗೆಯ ಪುಸ್ತಕ ನನ್ನ ಬಳಿ ಉಳಿಯಿತು. ಮಾವಿನ ಮಿಡಿಗೆಂದು ಅದರಲ್ಲಿರುವುದು ಒಂದೇ ಸಾಲು: ಐದು ಸೇರು ಮಿಡಿಗೆ ಒಂದು ಸೇರು ಹರಳುಪ್ಪು. ಬೆಂಗಳೂರಿನಲ್ಲಿರುವ ಮಗಳು ಫೋನು ಮಾಡಿ, "ಅಪ್ಪಾ, ಸೇರು ಅಂದ್ರೆ ಎಷ್ಟು ಕಿಲೋ?" ಎಂದು ಕೇಳಿದಳು. "ಎಷ್ಟಾದರೇನಮ್ಮ, ಐದಕ್ಕೆ ಒಂದು ತಾನೆ? ಐದು ಕಿಲೋ ಮಿಡಿಗೆ ಒಂದು ಕಿಲೋ ಉಪ್ಪು ಹಾಕು" ಎಂದೆ. ಕಳಸದ ಕಡೆಯಿಂದ ಹುಡುಕಿ ತರಿಸಿದ್ದ, ಘಮಘಮಿಸುವ ಸೊನೆಯ ಅಪ್ಪೆಮಿಡಿ ಮಳೆಗಾಲ ಕಳೆಯುವುದರೊಳಗೆ ಮೆತ್ತಗಾಗಿ, ಬೂಷ್ಟು ಹಿಡಿದು ಕಸದ ಪಾಲಾಯಿತು.

ತಪ್ಪು ಎಲ್ಲಿ ನುಸುಳಿತೆಂದು ತಿಳಿಯಲು ಸೇರಿನ ಪೂರ್ವೋತ್ತರವನ್ನೇ ವಿಚಾರಿಸಬೇಕಾಯಿತು. ಹಳೆಯ ಮೈಸೂರು ಸೀಮೆಯಲ್ಲಿ ಸೇರೆಂಬ ಒಂದೇ ಹೆಸರಿನಲ್ಲಿ ಎರಡು ಮಾನಗಳಿದ್ದವು. ಕಚ್ಚಾ ಸೇರು ತೂಕದ್ದು. 24 ರೂಪಾಯಿ ತೂಕ, ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಪಕ್ಕಾ ಸೇರು ಅಳೆಯುವ ಪಾತ್ರೆ. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನು ಗೊತ್ತುಪಡಿಸುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಬಳಕೆಯಲ್ಲಿರುವ ಒಂಬತ್ತು ಧಾನ್ಯಗಳನ್ನು ಸಮನಾಗಿ ಬೆರೆಸಿ, ಅದರಲ್ಲಿ 84 ರೂಪಾಯಿ ತೂಕದಷ್ಟನ್ನು ತೆಗೆದುಕೊಂಡರೆ, ಅಷ್ಟು ಹಿಡಿಯುವ ಪಾತ್ರೆಯೇ ಸೇರು. ಕಿಲೋವಿಗೆ ತುಸು ಕಡಿಮೆ ಧಾನ್ಯ, ಲೀಟರಿಗೆ ತುಸು ಹೆಚ್ಚು ಜಾಗ. ಅಳತೆ ಹುಟ್ಟಿದ್ದು ತೂಕದಿಂದಲೇ. ಆದರೆ ಅದು ಧಾನ್ಯದ ತೂಕ, ಮಾವಿನ ಮಿಡಿಯದಲ್ಲ!

ಮಿಡಿಯನ್ನು ಸೇರಿಗೆ ತುಂಬಿದರೆ ಕಾಯಿ ಕಾಯಿಯ ನಡುವೆ ಸಂದು ಉಳಿಯುತ್ತದೆ. ಉಪ್ಪು ಒತ್ತಾಗಿ ಕೂರುತ್ತದೆ, ಸ್ವಭಾವತಃ ಭಾರವೂ ಹೌದು. ಅಟ್ಟದಲ್ಲಿದ್ದ ಅಮ್ಮನ ಹಿತ್ತಾಳೆಯ ಸೇರನ್ನು ಇಳಿಸಿ, ಮರುವರ್ಷ ಮಿಡಿ ಬಂದಾಗ ತೂಗಿ ನೋಡಿದೆ. ಒಂದು ಸೇರು ಮಿಡಿ 700 ಗ್ರಾಂ. ಒಂದು ಸೇರು ಹರಳುಪ್ಪು ಒಂದೂಕಾಲು ಕಿಲೋ. ಐದು ಸೇರು ಮಿಡಿಯೆಂದರೆ ಮೂರೂವರೆ ಕಿಲೋ ಮಾತ್ರ. ಅಳತೆಯಲ್ಲಿ ಐದಕ್ಕೆ ಒಂದಾದದ್ದು ತೂಕದಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದು! ಮಗಳ ಐದು ಕಿಲೋ ಮಿಡಿ ಕೇಳುತ್ತಿದ್ದುದು ಒಂದು ಮುಕ್ಕಾಲು ಕಿಲೋ ಉಪ್ಪನ್ನು. (ಪುಡಿಯುಪ್ಪಾದರೆ ಲೆಕ್ಕ ಮತ್ತೆ ಬೇರೆ, ಅದು ಇನ್ನೂ ಒತ್ತಾಗಿ ಕೂರುತ್ತದೆ.)

ಮೆಟ್ರಿಕ್ ಪದ್ಧತಿಯ ಕಾಯಿದೆ ಆದದ್ದು 1956ರಲ್ಲಿ. 1958ರ ಅಕ್ಟೋಬರಿನಿಂದ ಅದು ಜಾರಿಗೆ ಬಂದಿತು. 1962ರ ಏಪ್ರಿಲ್ ನಂತರ ವ್ಯಾಪಾರದಲ್ಲಿ ಹಳೆಯ ಮಾನಗಳಿಗೆ ಎಡೆಯಿರಲಿಲ್ಲ. ಕಾಯಿದೆ ಅಂಗಡಿಯ ತಕ್ಕಡಿಯನ್ನು ತಿದ್ದಿತೇ ಹೊರತು ಅಡುಗೆಮನೆಯೊಳಗೆ ಕಾಲಿಡಲಿಲ್ಲ. ನಾನು ಮೂಡಿಗೆರೆಯ ಶಾಲೆಯಲ್ಲಿ ಗ್ರಾಂ, ಲೀಟರುಗಳನ್ನು ಬಾಯಿಪಾಠ ಮಾಡುತ್ತಿದ್ದ ಕಾಲಕ್ಕೂ ಮನೆಯಲ್ಲಿ ಅಕ್ಕಿಗೆ ಸೇರು, ಬೇಳೆಗೆ ಪಾವು, ಎಣ್ಣೆಗೆ ಚಟಾಕು. ಕಡಲೆಪುರಿಯನ್ನು ಈಗಲೂ ಸೇರಿನಲ್ಲಿ ಅಳೆದು ಕೊಡುವವರಿದ್ದಾರೆ. ಅಮ್ಮನಿಗೆ ಪರಿವರ್ತನೆಯ ಅಗತ್ಯವೇ ಬೀಳಲಿಲ್ಲ; ಮಿಡಿಯನ್ನೂ ಉಪ್ಪನ್ನೂ ಅದೇ ಪಾತ್ರೆಯಲ್ಲಿ ಅಳೆದರು, ಉಪ್ಪಿನಕಾಯಿ ಎರಡು ಮೂರು ವರ್ಷ ನಿಂತಿತು.

ಅವರು ಬರೆದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ, "ಒಂದು ಕಿಲೋ ಮಿಡಿಗೆ 350 ಗ್ರಾಂ ಹರಳುಪ್ಪು" ಎಂದು ಬರೆದಿಟ್ಟಿದ್ದೇನೆ. ಮಗಳಿಗೆ ಮಾತ್ರ ನನ್ನ ಲೆಕ್ಕದಲ್ಲಿ ನಂಬಿಕೆ ಹುಟ್ಟಿಲ್ಲ. ಕಳೆದ ಸಲ ಬಂದಾಗ ಸೇರನ್ನೇ ಚೀಲಕ್ಕೆ ಹಾಕಿಕೊಂಡು ಹೋದಳು.