ಚೌಕಳಿ ಹಾಳೆಗೆ ಬಂದ ಗೆರೆ

ಫಂಕ್ಷನ್ನಿನ ನಕ್ಷೆ ಅದನ್ನು ಬರೆಯುವ ಸಮೀಕರಣಕ್ಕಿಂತ ಹಳೆಯದು. ಎಕ್ಸ್, ವೈ ಎಂದು ಬರೆಯುವ ರೂಢಿಗೆ ಸುಮಾರು ಮುನ್ನೂರು ವರ್ಷ ಮೊದಲೇ, 1350ರ ಆಸುಪಾಸಿನಲ್ಲಿ, ಫ್ರಾನ್ಸಿನ ವಿದ್ವಾಂಸ ನಿಕೋಲ್ ಒರೆಸ್ಮ್ ಕಾಲವನ್ನು ಅಡ್ಡಗೆರೆಯಾಗಿ ಎಳೆದು, ಆಯಾ ಕ್ಷಣದ ವೇಗದಷ್ಟು ಎತ್ತರದ ಲಂಬಗೆರೆಗಳನ್ನು ಅದರ ಮೇಲೆ ನಿಲ್ಲಿಸಿದ್ದ. ವೇಗ ಬದಲಾಗದಿದ್ದರೆ ಆಯತ. ನಿಂತಲ್ಲಿಂದ ಹೊರಟು ಒಂದೇ ದರದಲ್ಲಿ ಏರುತ್ತಿದ್ದರೆ ಲಂಬಕೋನ ತ್ರಿಭುಜ. ಆ ತ್ರಿಭುಜವನ್ನು ಅರ್ಧ ಎತ್ತರದಲ್ಲಿ ಅಡ್ಡಲಾಗಿ ಕತ್ತರಿಸಿ, ಮೇಲಿನ ತುಂಡನ್ನು ತಿರುಗಿಸಿ ಪಕ್ಕಕ್ಕೆ ಕೂಡಿಸಿದರೆ ಆಯತವಾಗುತ್ತದೆ. ಆಕೃತಿಯ ವಿಸ್ತೀರ್ಣವೇ ಕ್ರಮಿಸಿದ ದೂರವಾದ್ದರಿಂದ, ಕೊನೆಯ ವೇಗದ ಅರ್ಧದಲ್ಲಿ ಒಂದೇ ಸಮ ಸಾಗಿದ್ದರೂ ಕ್ರಮಿಸುವ ದೂರ ಅಷ್ಟೇ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ಪಂಡಿತರು ಮೊದಲೇ ಹೇಳಿದ್ದ ಈ ನಿಯಮ ಒರೆಸ್ಮ್‌ನ ಚಿತ್ರದಲ್ಲಿ ಕಣ್ಣಿಗೇ ಕಾಣುತ್ತದೆ. ಅವನೇನೂ ಯಾವ ವಸ್ತುವಿನ ವೇಗವನ್ನೂ ಅಳೆಯಲಿಲ್ಲ. ಅವನಿಗೆ ಬೇಕಿದ್ದುದು ತರ್ಕ ಮಾತ್ರ.

ಗೆರೆಗೂ ಸಮೀಕರಣಕ್ಕೂ ನಂಟು ಬೆಸೆದವರು ಫರ್ಮಾ ಮತ್ತು ಡೆಕಾರ್ಟ್. ಡೆಕಾರ್ಟ್‌ನ ರೇಖಾಗಣಿತ 1637ರಲ್ಲಿ ಅಚ್ಚಾಯಿತು. ಫರ್ಮಾನ ಬರಹ ಹಸ್ತಪ್ರತಿಯಲ್ಲೇ ಓಡಾಡಿ, ಅವನು ತೀರಿಕೊಂಡ ಮೇಲೆ 1679ರಲ್ಲಿ ಮುದ್ರಣ ಕಂಡಿತು. ಡೆಕಾರ್ಟ್‌ನ ಹೆಸರಿನಲ್ಲಿ ಇಂದು ಶಾಲೆಗಳಲ್ಲಿ ಕಲಿಸುವ, ಒಂದಕ್ಕೊಂದು ಲಂಬವಾದ ಎರಡು ಅಕ್ಷಗಳ ಚಿತ್ರ ಅವನ ಪುಸ್ತಕದಲ್ಲಿ ಇಲ್ಲ ಎಂಬುದು ತಮಾಷೆಯೇ ಸರಿ. ಋಣ ನಿರ್ದೇಶಾಂಕಗಳನ್ನು ಅಳುಕಿಲ್ಲದೆ ಬಳಸಿ, ವಕ್ರಗಳನ್ನು ನಾಲ್ಕೂ ಪಾದಗಳಲ್ಲಿ ಎಳೆದವನು ನ್ಯೂಟನ್. ಮೂರನೇ ಘಾತದ ವಕ್ರಗಳಲ್ಲಿ 72 ಬಗೆ ಗುರುತಿಸಿದ ಅವನ ಪ್ರಬಂಧ 1704ರಲ್ಲಿ ಹೊರಬಂತು. 1748ರಲ್ಲಿ ಆಯ್ಲರ್ ಫಂಕ್ಷನ್ನನ್ನೇ ಮುಂದಿಟ್ಟು, ವಕ್ರವನ್ನು ಅದರ ಹಿಂದೆ ನಡೆಸಿದ.

ಅದೇ ಶತಮಾನದ ಕೊನೆಗೆ ನಕ್ಷೆ ಕಾರ್ಖಾನೆಗೂ ಇಳಿಯಿತು. ಜೇಮ್ಸ್ ವಾಟ್‌ನ ಸಹಾಯಕ ಜಾನ್ ಸದರ್ನ್ ರೂಪಿಸಿದ ಸಾಧನದಲ್ಲಿ ಉಗಿಯಂತ್ರವೇ ಪೆನ್ಸಿಲನ್ನು ಓಡಿಸುತ್ತಿತ್ತು: ಉಗಿಯ ಒತ್ತಡಕ್ಕೆ ತಕ್ಕಂತೆ ಮೊನೆ ಮೇಲೆ ಕೆಳಗೆ, ಕೊಂತದ ಚಲನೆಗೆ ತಕ್ಕಂತೆ ಹಾಳೆ ಅತ್ತ ಇತ್ತ. ಮುಚ್ಚಿದ ಗೆರೆಯೊಳಗಿನ ವಿಸ್ತೀರ್ಣವೇ ಯಂತ್ರ ಮಾಡಿದ ಕೆಲಸ. ಒರೆಸ್ಮ್ ಮನಸ್ಸಿನಲ್ಲೇ ಲೆಕ್ಕ ಹಾಕಿದ ವಿಸ್ತೀರ್ಣಕ್ಕೆ ಇಲ್ಲಿ ಹಣದ ಬೆಲೆ ಬಂತು. ವಾಟ್ ಈ ಸಾಧನವನ್ನು ಬಹುಕಾಲ ಗುಟ್ಟಾಗಿಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಗಣಿತಜ್ಞರಿಗೆ ಮಾತ್ರ ಚಿತ್ರದ ಮೇಲಿನ ನಂಬಿಕೆ ಕುಂದುತ್ತಿತ್ತು. 1872ರಲ್ಲಿ ವೈಯರ್‌ಸ್ಟ್ರಾಸ್ ಬರ್ಲಿನ್ನಿನಲ್ಲಿ ಒಂದು ಫಂಕ್ಷನ್ ಮಂಡಿಸಿದ. ಅದರ ನಕ್ಷೆ ಎಲ್ಲೂ ಕಡಿಯುವುದಿಲ್ಲ, ಆದರೆ ಯಾವ ಬಿಂದುವಿನಲ್ಲೂ ಅದಕ್ಕೆ ಸ್ಪರ್ಶಕ ಎಳೆಯಲಾಗುವುದಿಲ್ಲ. ಎಷ್ಟು ಹಿಗ್ಗಿಸಿ ನೋಡಿದರೂ ಅಂಕುಡೊಂಕೇ. ಅಂಥದ್ದನ್ನು ಯಾವ ಕೈಯೂ ಬಿಡಿಸಲಾರದು.

ಶಾಲೆಗೆ ನಕ್ಷೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಇಂಗ್ಲೆಂಡಿನ ಮಕ್ಕಳು ಯೂಕ್ಲಿಡ್‌ನ ಪ್ರಮೇಯಗಳನ್ನು ಉರುಹೊಡೆಯುತ್ತಿದ್ದ ಕಾಲದಲ್ಲಿ, 1901ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಒಂದು ಸಭೆಯಲ್ಲಿ ಎಂಜಿನಿಯರ್ ಜಾನ್ ಪೆರ್ರಿ, ಅವರ ಕೈಗೆ ಚೌಕಳಿ ಹಾಳೆ ಕೊಟ್ಟು ಅಳತೆಗಳನ್ನು ಗುರುತು ಹಾಕಿಸಬೇಕೆಂದು ವಾದಿಸಿದ. ಜರ್ಮನಿಯಲ್ಲಿ ಫೆಲಿಕ್ಸ್ ಕ್ಲೈನ್ ಬೆಂಬಲಿಸಿದ 1905ರ ಮೆರಾನ್ ಯೋಜನೆ, ಪ್ರೌಢಶಾಲೆಯ ಗಣಿತಕ್ಕೆ ಫಂಕ್ಷನ್ನೇ ನಡುಗಂಬವಾಗಬೇಕೆಂದು ಕೇಳಿತು.