ಚಲನಚಿತ್ರ ಪ್ರಮಾಣಪತ್ರ ಮತ್ತು ಎಳೆಯ ಪ್ರೇಕ್ಷಕ: ವಯೋಮಿತಿಯ ಒಂದು ಚಾರಿತ್ರಿಕ ನೋಟ

ಬಯಲಾಟದ ರಂಗಸ್ಥಳದೆದುರು ವಯಸ್ಸಿನ ಗೆರೆ ಇರಲಿಲ್ಲ. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ವೇಷಗಳು ಕುಣಿಯುವಾಗ ಮುಂದೆ ಮಕ್ಕಳೇ ಕುಳಿತಿರುತ್ತಿದ್ದರು. ಪ್ರಸಂಗವು ಶೃಂಗಾರಕ್ಕೋ ವಧೆಗೋ ತಲುಪುವ ಹೊತ್ತಿಗೆ ಅವರಲ್ಲಿ ಅನೇಕರು ಚಾಪೆಯ ಮೇಲೆ ನಿದ್ದೆಹೋಗಿರುತ್ತಿದ್ದರು. ಎಚ್ಚರವಿದ್ದವರ ಮಗ್ಗುಲಲ್ಲಿ ಹಿರಿಯರಿದ್ದರು. ಕಥೆಯೂ ಬಲ್ಲ ಕಥೆಯೇ. ಚಲನಚಿತ್ರದಲ್ಲಿ ಕಥೆ ಹೊಸದು, ಕಣ್ಣೆದುರಿನ ಬಿಂಬ ಸಾಕ್ಷಾತ್ ನಿಜವೆನಿಸುವಂಥದು, ಜೊತೆಗೆ ಹಿರಿಯರಿರಲೇಬೇಕೆಂಬ ನಿಯಮವೂ ಇಲ್ಲ. ಸಮುದಾಯವು ತಾನೇ ನಿರ್ವಹಿಸುತ್ತಿದ್ದ ಈ ಎಚ್ಚರಿಕೆಯನ್ನು ಪ್ರಭುತ್ವವು ಕೈಗೆತ್ತಿಕೊಂಡ ಬಗೆಯೇ ವಯೋಮಿತಿ ಪ್ರಮಾಣಪತ್ರದ ಚರಿತ್ರೆಯಾಗಿದೆ.

ಆರಂಭದಲ್ಲಿ ಮಗುವಿನ ಪ್ರಶ್ನೆ ಮುಖ್ಯವಾಗಿರಲಿಲ್ಲವೆಂಬುದು ಗಮನಾರ್ಹ. 1918ರ ಸಿನಿಮಾಟೋಗ್ರಾಫ್ ಕಾಯಿದೆಗೆ ಎರಡು ಚಿಂತೆಗಳಿದ್ದವು: ಬೇಗನೆ ಹೊತ್ತಿಕೊಳ್ಳುತ್ತಿದ್ದ ಫಿಲ್ಮ್ ಸುರುಳಿಯಿಂದ ಪ್ರೇಕ್ಷಕರ ಸುರಕ್ಷತೆ ಮತ್ತು ಚಿತ್ರವು ಸಾರ್ವಜನಿಕ ಪ್ರದರ್ಶನಕ್ಕೆ ಯೋಗ್ಯವೇ ಎಂಬ ಪರಿಶೀಲನೆ. 1920ರಲ್ಲಿ ಬೊಂಬಾಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಕೆಲಸಕ್ಕೆ ತೊಡಗಿದವು. ಬ್ರಿಟನ್ನಿನಲ್ಲಿ 1912ರಲ್ಲಿ ಸ್ಥಾಪನೆಯಾದ ಮಂಡಳಿಯು ಮೊದಲಿನಿಂದಲೇ ‘ಯು’ ಮತ್ತು ‘ಎ’ ಎಂಬ ಎರಡು ವರ್ಗಗಳನ್ನಿಟ್ಟುಕೊಂಡಿತ್ತು. ವಸಾಹತಿನಲ್ಲಿ ಮಾತ್ರ ಚಿತ್ರವೊಂದು ಎಲ್ಲರಿಗೂ ಯೋಗ್ಯ, ಇಲ್ಲವೇ ಯಾರಿಗೂ ಅಲ್ಲ. ವಯಸ್ಕನನ್ನೂ ಬಾಲಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ಕ್ರಮದಲ್ಲಿ ಭಾರತೀಯ ಪ್ರೇಕ್ಷಕನನ್ನು ಕುರಿತ ಆಳುವವರ ಧೋರಣೆಯೂ ಅಡಗಿದೆಯೆನ್ನಬಹುದು.

1949ರ ತಿದ್ದುಪಡಿಯು ‘ಯು’ ಮತ್ತು ‘ಎ’ ವರ್ಗಗಳನ್ನು ಭಾರತಕ್ಕೂ ತಂದಿತು. 1951ರಲ್ಲಿ ಕೇಂದ್ರ ಮಂಡಳಿ ಸ್ಥಾಪನೆಯಾಯಿತು. 1952ರ ಕಾಯಿದೆಯು ಹದಿನೆಂಟು ವರ್ಷ ತುಂಬಿದವರನ್ನು ವಯಸ್ಕರೆಂದು ಕರೆಯಿತು. ‘ಎ’ ಚಿತ್ರವನ್ನು ಕಿರಿಯರಿಗೆ ತೋರಿಸಿದರೆ ಶಿಕ್ಷೆ ಪ್ರದರ್ಶಕನಿಗೆ, ನೋಡಿದ ಬಾಲಕನಿಗಲ್ಲ. ಪ್ರಮಾಣಪತ್ರ ನೀಡುವುದು ಕೇಂದ್ರದ ಕೆಲಸ, ಅದನ್ನು ಜಾರಿಗೊಳಿಸುವುದು ರಾಜ್ಯದ ಹೊಣೆ. ಕಟ್ಟಕಡೆಗೆ ಈ ಕಾನೂನಿನ ಭಾರವೆಲ್ಲ ಬಾಗಿಲಲ್ಲಿ ಟಿಕೆಟ್ ಹರಿಯುವವನ ಅಂದಾಜಿನ ಮೇಲೆ ನಿಂತಿತು. ನೆಲ, ಬೆಂಚು, ಕುರ್ಚಿಯೆಂದು ದರದ ಗೆರೆಗಳನ್ನು ಚೆನ್ನಾಗಿ ಬಲ್ಲ ಟೂರಿಂಗ್ ಟಾಕೀಸಿನ ಡೇರೆಗೆ ವಯಸ್ಸಿನ ಗೆರೆಯನ್ನು ಕಾಯುವುದು ಸುಲಭವಾಗಿರಲಿಲ್ಲ. ಮೇಲಾಗಿ ಭಿತ್ತಿಪತ್ರದ ಮೇಲಿನ ‘ಎ’ ಅಕ್ಷರವು ಎಚ್ಚರಿಕೆಯಾಗುವುದಕ್ಕಿಂತ ಆಕರ್ಷಣೆಯಾದದ್ದೇ ಹೆಚ್ಚು.

ಈ ವರ್ಗೀಕರಣವು ತಾತ್ತ್ವಿಕ ಪರೀಕ್ಷೆಗೆ ಒಳಗಾದದ್ದು ಕೆ.ಎ. ಅಬ್ಬಾಸ್ ಅವರ ಮೊಕದ್ದಮೆಯಲ್ಲಿ. ನಾಲ್ಕು ಮಹಾನಗರಗಳ ಸಿರಿವಂತಿಕೆ ಮತ್ತು ಬಡತನಗಳನ್ನು ಎದುರುಬದುರು ನಿಲ್ಲಿಸಿದ ಅವರ ‘ಎ ಟೇಲ್ ಆಫ್ ಫೋರ್ ಸಿಟೀಸ್’ ಸಾಕ್ಷ್ಯಚಿತ್ರದಲ್ಲಿ ಬೊಂಬಾಯಿಯ ವೇಶ್ಯಾವಾಟಿಕೆಯ ದೃಶ್ಯಗಳಿದ್ದವು. ಮಂಡಳಿ ‘ಎ’ ನೀಡಲು ಮುಂದಾಯಿತು. ಆ ದೃಶ್ಯಗಳನ್ನು ಕತ್ತರಿಸಿದರೆ ‘ಯು’ ಎಂದು ಬಳಿಕ ತಿಳಿಸಲಾಯಿತು. ಅಬ್ಬಾಸ್ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ವಿಚಾರಣೆಯ ನಡುವೆ ಸರ್ಕಾರವೇ ಕತ್ತರಿಯಿಲ್ಲದೆ ‘ಯು’ ನೀಡಲು ಒಪ್ಪಿತಾದರೂ ಅವರು ಮೂಲ ಪ್ರಶ್ನೆಯನ್ನು ಬಿಡಲಿಲ್ಲ. 1970ರಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ತೀರ್ಪು, ಚಲಿಸುವ ಬಿಂಬವು ಇತರ ಕಲೆಗಳಿಗಿಂತ ಆಳವಾಗಿ ಭಾವಗಳನ್ನು ಕಲಕುತ್ತದೆ, ಎಳೆಯರ ಮೇಲೆ ಅದರ ಪ್ರಭಾವ ಇನ್ನೂ ಹೆಚ್ಚು ಎಂಬ ನೆಲೆಯಲ್ಲಿ ವಯಸ್ಸಿನ ವರ್ಗೀಕರಣವನ್ನೂ ಪೂರ್ವಪರಿಶೀಲನೆಯನ್ನೂ ಎತ್ತಿಹಿಡಿಯಿತು. ಆದರೆ ಕತ್ತರಿ ಮತ್ತು ವರ್ಗೀಕರಣ ಒಂದೇ ಅಲ್ಲ. ವರ್ಗೀಕರಣವು ಪ್ರೇಕ್ಷಕನನ್ನು ವಿಂಗಡಿಸಿ ಕೃತಿಯನ್ನು ಇಡಿಯಾಗಿ ಉಳಿಸಬಲ್ಲದು. ಕತ್ತರಿಯು ಮಗುವಿನ ಹೆಸರಿನಲ್ಲಿ ವಯಸ್ಕನ ನೋಟವನ್ನೂ ಕಸಿಯುತ್ತದೆ. ಅದೇ 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ತಡೆಯೊಡ್ಡಿತ್ತು. ಅಲ್ಲಿ ಆತಂಕ ಮಕ್ಕಳದಾಗಿರದೆ ಜಾತಿಯದಾಗಿತ್ತು. ಕೇಂದ್ರ ಸಚಿವಾಲಯದ ಮಧ್ಯಪ್ರವೇಶದ ನಂತರವೇ ಚಿತ್ರ ತೆರೆಕಂಡಿತು.

1983ರಲ್ಲಿ ‘ಯುಎ’ ಮತ್ತು ವಿಶೇಷ ವರ್ಗದವರಿಗಾಗಿ ‘ಎಸ್’ ಸೇರ್ಪಡೆಯಾದವು. ಮಂಡಳಿಯ ಹೆಸರಿನಲ್ಲಿ ಸೆನ್ಸಾರ್ ಪದ ಹೋಗಿ ಪ್ರಮಾಣೀಕರಣ ಎಂಬ ಪದ ಬಂದಿತು. ಹನ್ನೆರಡು ವರ್ಷದೊಳಗಿನವರಿಗೆ ಪೋಷಕರ ವಿವೇಚನೆ ಬೇಕೆಂದ ‘ಯುಎ’ ಗುರುತು, ಚಾಪೆಯ ಮಗ್ಗುಲಲ್ಲಿದ್ದ ಹಿರಿಯರನ್ನು ಮತ್ತೆ ಕರೆತಂದಂತಿದೆ. ಆದರೆ ಐದು ವರ್ಷದ ಮಗುವಿಗೂ ಹನ್ನೊಂದರ ಬಾಲಕಿಗೂ ಇದ್ದದ್ದು ಒಂದೇ ಸೂಚನೆ. 2016ರಲ್ಲಿ ಶ್ಯಾಮ್ ಬೆನಗಲ್ ಸಮಿತಿ ಈ ವರ್ಗವನ್ನು ಹನ್ನೆರಡು ಮತ್ತು ಹದಿನೈದರ ಮೇಲಿನವರೆಂದು ಒಡೆಯಲು ಶಿಫಾರಸು ಮಾಡಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅಂತರ್ಜಾಲದ ಚಿತ್ರವೇದಿಕೆಗಳಿಗೆ ಏಳು, ಹದಿಮೂರು, ಹದಿನಾರು ವರ್ಷಗಳ ಮೆಟ್ಟಿಲುಗಳನ್ನು ವಿಧಿಸಿದವು. 2023ರ ತಿದ್ದುಪಡಿ ಕಾಯಿದೆಯ ಮೂಲಕ ಚಿತ್ರಮಂದಿರವೂ ಅದೇ ಮೆಟ್ಟಿಲುಗಳನ್ನು ಸ್ವೀಕರಿಸಿತು. ಈ ಮೂರೂ ಪೋಷಕರಿಗೆ ಸಲಹೆಗಳು ಮಾತ್ರ; ಬಾಗಿಲಲ್ಲಿ ತಡೆಯುವ ಅಧಿಕಾರ ಇಂದಿಗೂ ‘ಎ’ಗೆ ಸೀಮಿತ. ಮನೆಯ ತೆರೆಗೆ ಟಿಕೆಟ್ ಹರಿಯುವವನಿಲ್ಲ. ಅಲ್ಲಿ ಹದಿಮೂರು ಮತ್ತು ಅದಕ್ಕೆ ಮೇಲಿನ ವರ್ಗದ ಚಿತ್ರಗಳಿಗೆ ಬೀಗದ ಸೌಲಭ್ಯವಿರಬೇಕೆಂದು ನಿಯಮವು ವೇದಿಕೆಗಳಿಗೆ ಹೇಳುತ್ತದೆ. ಆ ಬೀಗವನ್ನು ಹಾಕುವ ಕೆಲಸವನ್ನು ಮನೆಯವರಿಗೆ ಬಿಟ್ಟಿದೆ.