ಹೊಳಲ್ಕೆರೆಯ ಅದಿರು, ಓಸ್ಲೋದ ತೀರ್ಮಾನ

ಚಿತ್ರದುರ್ಗದ ಗಣಿ ಚರಿತ್ರೆಯಲ್ಲಿ 2007 ಎರಡು ಕಾರಣಕ್ಕೆ ಮುಖ್ಯ. ಹೊಳಲ್ಕೆರೆ ಭಾಗದ ಮೇಗಳಹಳ್ಳಿ ಸುತ್ತ ಕಬ್ಬಿಣದ ಅದಿರು ತೆಗೆಯುತ್ತಿದ್ದ ಸೆಸಾ ಗೋವಾ ಕಂಪನಿಯ ಶೇ. 51 ಷೇರನ್ನು ಆ ವರ್ಷ ಜಪಾನಿನ ಮಿತ್ಸುಯಿಯಿಂದ ಲಂಡನ್ನಿನ ವೇದಾಂತ ರಿಸೋರ್ಸಸ್ ಕೊಂಡಿತು. ಅದೇ ವರ್ಷ ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ ವೇದಾಂತದ ಷೇರುಗಳನ್ನು ಮಾರಿ ಹೊರನಡೆಯಿತು. ಪರಿಸರ ಹಾನಿ, ಮಾನವ ಹಕ್ಕುಗಳ ಉಲ್ಲಂಘನೆ ಅದು ಕೊಟ್ಟ ಕಾರಣಗಳು. ಪರಿಶೀಲನೆ ನಡೆದದ್ದು ಒಡಿಶಾ, ತಮಿಳುನಾಡು, ಛತ್ತೀಸ್‌ಗಢಗಳ ಘಟಕಗಳ ಬಗ್ಗೆ. 2010ರಲ್ಲಿ ಇಂಗ್ಲೆಂಡಿನ ಚರ್ಚ್ ಕೂಡ ತನ್ನ ಪಾಲು ಮಾರಿತು. ಸೆಸಾ ಗೋವಾ ವಿಲೀನಗೊಂಡು ಸೆಸಾ ಸ್ಟೆರ್ಲೈಟ್ ಆದಾಗ, 2014ರ ಜನವರಿಯಲ್ಲಿ ನಾರ್ವೆ ಅದನ್ನೂ ಹೊರಗಿಟ್ಟಿತು.

ಹಲವರ ಉಳಿತಾಯವನ್ನು ಒಟ್ಟುಗೂಡಿಸಿ ಷೇರು ಕೊಳ್ಳುವ ಪಿಂಚಣಿ ನಿಧಿ, ವಿಮಾ ನಿಗಮಗಳಂಥವೇ ಸಾಂಸ್ಥಿಕ ಹೂಡಿಕೆದಾರರು. ಅವರ ಮುಂದೆ ಇನ್ನೊಂದು ದಾರಿಯೂ ಇದೆ: ಬಿಟ್ಟುಹೋಗದೆ ಒಳಗಿದ್ದು ಮತ ಹಾಕುವುದು. ದೊಡ್ಡ ಷೇರುದಾರರು ಮತವನ್ನು ಸುಮ್ಮನೆ ಇಟ್ಟುಕೊಳ್ಳದೆ ಬಳಸಬೇಕೆಂದು ಬ್ರಿಟನ್ನಿನ ಕ್ಯಾಡ್ಬರಿ ಸಮಿತಿ 1992ರಲ್ಲೇ ಹೇಳಿತ್ತು. ಭಾರತದ ವಿಮಾ ಕಂಪನಿಗಳಿಗೆ ಆ ಕರ್ತವ್ಯ ಸಂಹಿತೆಯಾಗಿ ಬಂದದ್ದು 2017ರಲ್ಲಿ.

ಈ ಬಲ ಕಣ್ಣಿಗೆ ಕಂಡದ್ದು 2020ರಲ್ಲಿ. ವೇದಾಂತ ಲಿಮಿಟೆಡ್ಡನ್ನು ಷೇರುಪೇಟೆಯಿಂದ ಹಿಂತೆಗೆದುಕೊಳ್ಳಲು ಪ್ರವರ್ತಕರು ಹೊರಟಾಗ ಕನಿಷ್ಠ ದರ 87.25 ರೂಪಾಯಿ. ಶೇ. 6ಕ್ಕೂ ಹೆಚ್ಚು ಪಾಲಿದ್ದ ಎಲ್‌ಐಸಿ 320 ರೂಪಾಯಿ ಕೇಳಿತು. ಸಾಕಷ್ಟು ಷೇರು ಸಿಗದೆ ಯತ್ನ ಬಿದ್ದುಹೋಯಿತು.

ಆದರೆ ಚಿತ್ರದುರ್ಗದ ಗಣಿ ನಿಲ್ಲಿಸಿದ್ದು ಓಸ್ಲೋ ಅಲ್ಲ, ಎಲ್‌ಐಸಿಯೂ ಅಲ್ಲ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರುಗಳ ಗಣಿಗಾರಿಕೆಗೆ ತಡೆ ಹಾಕಿತು. ಸೆಸಾದ ಗಣಿ ಮತ್ತೆ ತೆರೆದದ್ದು 2013ರ ಕೊನೆಗೆ, ಕೋರ್ಟಿನ ಷರತ್ತುಗಳೊಂದಿಗೆ.

ನಾರ್ವೆ ನಡತೆಯನ್ನು ಅಳೆಯಿತು, ಆದರೆ ಹೊರಟುಹೋಯಿತು. ಮಾರಿದ ಷೇರು ಇನ್ನೊಬ್ಬರ ಕೈ ಸೇರಿತು, ಅದರೊಂದಿಗೆ ಮತವೂ. ಎಲ್‌ಐಸಿ ಒಳಗುಳಿಯಿತು, ಆದರೆ 2020ರಲ್ಲಿ ಅದು ಅಳೆದದ್ದು ಬೆಲೆಯನ್ನು. ಅದು ತಪ್ಪಲ್ಲ, ಪಾಲಿಸಿದಾರರ ಹಣ ಕಾಯುವುದು ಅದರ ಕೆಲಸ. ಹಿರಿಯೂರು, ಹೊಸದುರ್ಗಗಳಲ್ಲಿ ಕಟ್ಟುವ ವಿಮಾ ಕಂತೂ ಅದೇ ನಿಧಿಗೆ ಸೇರುತ್ತದೆ. ಗುಡ್ಡದ ಕೆಳಗಿನ ರೈತ ಹೀಗೆ ಎರಡು ಬಗೆಯಲ್ಲಿ ಗಣಿಗೆ ಸೇರಿದವನು: ಧೂಳಿನಿಂದ, ಕಂತಿನಿಂದ. ಕಂಪನಿಯ ಸಭೆಯಲ್ಲಿ ಮಾತ್ರ ಅವನಿಗೆ ಮತವಿಲ್ಲ. ಅವನ ಹೆಸರಿನಲ್ಲಿ ಮತ ಹಾಕುವವರು ಧೂಳಿನ ಬಗ್ಗೆ ಅವನನ್ನು ಕೇಳಬೇಕಿಲ್ಲ. ಆಡಳಿತದ ಜಾಗತಿಕ ಮಾನದಂಡಗಳು ಇನ್ನೂ ಮುಟ್ಟದ ಜಾಗ ಇದು.